ಎಲ್ಲಿಗೂ ಹೋಗದ ಗೂಡ್ಸ್ ಗಾಡಿ

ಪುಟ್ಟ ರೈಲು ಎಂದ ಕೂಡಲೇ ಎಲ್ಲರ ತಲೆಯೊಳಗೂ ಒಂದು ವೃತ್ತ ಸುತ್ತತೊಡಗುತ್ತದೆ. ನಡುವೆ ಒಂದು ಸುರಂಗ, ಪಕ್ಕದಲ್ಲಿ ನಾಲ್ಕು ಪ್ಲಾಸ್ಟಿಕ್ ಮರ, ಇಂಜಿನ್ನು ಸುತ್ತಿದ್ದೇ ಸುತ್ತಿದ್ದು. ಐದನೇ ಸುತ್ತಿಗೆ ಮಗುವಿಗೆ ಬೇಸರ ಬರುತ್ತದೆ; ಏಳನೇ ಸುತ್ತಿಗೆ, ಮಗುವಿನ ನೆಪದಲ್ಲಿ ಅದನ್ನು ಕೊಂಡು ತಂದ ಅಪ್ಪನಿಗೂ ಬರುತ್ತದೆ. ಹತ್ತನೆಯದಕ್ಕೆ ಇಬ್ಬರೂ ಸೇರಿ ಹಳಿಯ ಮೇಲೆ ಏನಿಟ್ಟರೆ ಗಾಡಿ ಉರುಳೀತು ಎಂಬ ಸಂಶೋಧನೆಗೆ ಇಳಿಯುತ್ತಾರೆ. ಇದರಲ್ಲಿ ರೈಲಿನ ತಪ್ಪೇನೂ ಇಲ್ಲ, ತಪ್ಪೆಲ್ಲ ವೃತ್ತದ್ದು. ರೈಲೆಂದರೆ ಓಡಬೇಕು ಎಂದು ನಾವು ಯಾವತ್ತೋ ತೀರ್ಮಾನಿಸಿಬಿಟ್ಟಿದ್ದೇವೆ. ನನ್ನ ವಾದ ಇದಕ್ಕೆ ಪೂರ್ತಿ ತದ್ವಿರುದ್ಧ: ನಾಲ್ಕಡಿ ಉದ್ದ, ಒಂದಡಿ ಅಗಲದ ಹಲಗೆಯೊಂದನ್ನು ಗೋಡೆಗೆ ಹೊಡೆದು, ಅದರ ಮೇಲೆ ಎಲ್ಲಿಗೂ ಹೋಗದೆ ಹಿಂದೆ ಮುಂದೆ ಆಡುತ್ತಿರುವ ಗೂಡ್ಸ್ ಗಾಡಿಯೇ ಹೆಚ್ಚು ನಿಜವಾದ ರೈಲ್ವೆ. ಜಾಗವಿಲ್ಲದವರು ಹೇಳಿಕೊಳ್ಳುವ ಸಮಾಧಾನ ಇದೆಂದು ದಯವಿಟ್ಟು ತಿಳಿಯಬೇಡಿ. ಅರಮನೆ ಕೊಟ್ಟರೂ ಅದರ ಒಂದು ಗೋಡೆಗೆ ಹಲಗೆ ಹೊಡೆಯುವುದೇ ಜಾಣತನ.

ಮೊದಲು ಲೆಕ್ಕ. ಇಂಗ್ಲೆಂಡಿನಲ್ಲಿ ಹೆಚ್ಚು ಚಾಲ್ತಿಯಲ್ಲಿರುವ ‘ಡಬಲ್ ಓ’ ಅಳತೆಯಲ್ಲಿ ಎಲ್ಲವೂ ನಿಜದ 76ನೇ ಒಂದು ಪಾಲು. ಹಾಗೆ ಕುಗ್ಗಿಸಿದ ಮೇಲೂ ಒಂದು ಕಿಲೋಮೀಟರ್ ಹಳಿಗೆ 13 ಮೀಟರ್ ಬೇಕು. ಯಾರ ಮನೆಯ ಹಜಾರವೂ ಅಷ್ಟಿರುವುದಿಲ್ಲ. ಪ್ಯಾಸೆಂಜರ್ ಬೋಗಿಯೊಂದು ಸುಮಾರು 26 ಸೆಂಟಿಮೀಟರ್. ಅಂಥ ಹತ್ತನ್ನು ಜೋಡಿಸಿದರೆ ಎರಡೂವರೆ ಮೀಟರ್ ದಾಟುತ್ತದೆ, ಇಂಜಿನ್ನು ಬೇರೆ. ವೃತ್ತ ಬೇಕೆಂದರೆ ಅಂಗಡಿಯಲ್ಲಿ ಸಿಗುವ ಮಾಮೂಲಿ ಬಾಗು ಹಳಿಯ ತ್ರಿಜ್ಯ 438 ಮಿಲಿಮೀಟರ್. ಹಲಗೆ ಕಮ್ಮಿಯೆಂದರೂ ಮೂರಡಿ ಅಗಲ ಇರಬೇಕು. ಅಷ್ಟಗಲದ್ದನ್ನು ಗೋಡೆಗೆ ಹೊಡೆದರೆ ಮನೆಯವರು ಬಗ್ಗಿ ನಡೆಯುವುದನ್ನು ಕಲಿಯಬೇಕಾಗುತ್ತದೆ. ಇಷ್ಟು ತ್ಯಾಗ ಮಾಡಿದರೂ ದಕ್ಕುವುದೇನು? ಆ ತಿರುವನ್ನು 76ರಿಂದ ಗುಣಿಸಿದರೆ 33 ಮೀಟರ್ ತ್ರಿಜ್ಯ ಬರುತ್ತದೆ. ನಿಜವಾದ ಮೇನ್ ಲೈನಿನ ತಿರುವುಗಳನ್ನು ಅಳೆಯುವುದು ನೂರಾರು ಮೀಟರುಗಳಲ್ಲಿ. ಎಕ್ಸ್‌ಪ್ರೆಸ್ ಗಾಡಿಯನ್ನು ಬೀದಿ ಟ್ರಾಮಿನ ತಿರುವಿನಲ್ಲಿ ತಿರುಗಿಸಿ, ಅದನ್ನು ವಾಸ್ತವ ಎಂದು ಕರೆದು, ನಾಲ್ಕಡಿ ಹಲಗೆಯವನನ್ನು ನೋಡಿ ನಗುವುದು ನ್ಯಾಯವಲ್ಲ.

ವೇಗದ ಲೆಕ್ಕ ಇನ್ನೂ ಚೆನ್ನಾಗಿದೆ. ನಾಲ್ಕಡಿ ಹಲಗೆ ನಿಜದಲ್ಲಿ 90 ಮೀಟರ್ ಚಿಲ್ಲರೆ. ಗಂಟೆಗೆ 96 ಕಿಲೋಮೀಟರಿನಲ್ಲಿ ಬರುವ ಗಾಡಿ ಅದನ್ನು ಮೂರೂವರೆ ಸೆಕೆಂಡಿನೊಳಗೆ ದಾಟಿ, ಆಚೆ ತುದಿಯಿಂದ ನೇರ ನೆಲಕ್ಕೆ ಆಗಮಿಸುತ್ತದೆ. ಅದೇ ಇಂಜಿನ್ನು ಮನುಷ್ಯ ನಡೆಯುವ ವೇಗದಲ್ಲಿ ವ್ಯಾಗನ್ ನೂಕಿಕೊಂಡು ಹೊರಟರೆ ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ಹಿಡಿಯುತ್ತದೆ. ನಡುವೆ ನಾಲ್ಕು ಕಡೆ ನಿಂತರೆ ಐದು ನಿಮಿಷ. ಹಲಗೆಯನ್ನು ಉದ್ದ ಮಾಡುವ ಅತ್ಯಂತ ಅಗ್ಗದ ಉಪಾಯ ಗಾಡಿಯನ್ನು ನಿಧಾನ ಮಾಡುವುದು. ಇದಕ್ಕೆ ಬಡಗಿಯೂ ಬೇಡ, ಮನೆಯವರ ಒಪ್ಪಿಗೆಯೂ ಬೇಡ.

ಹಾಗೆ ನಿಂತು ನಿಂತು ಹೋಗುವುದು ರೈಲ್ವೆಯ ನಿಜವಾದ ಕಸುಬಿಗೆ ದೂರವೇ ಎಂದು ಯಾರಾದರೂ ಕೇಳಿದರೆ, ಔಟರ್ ಸಿಗ್ನಲಿನಲ್ಲಿ ಮುಕ್ಕಾಲು ಗಂಟೆ ನಿಂತ ಪ್ಯಾಸೆಂಜರ್ ಗಾಡಿಯ ಯಾವ ಪ್ರಯಾಣಿಕನನ್ನು ಬೇಕಾದರೂ ಸಾಕ್ಷಿಗೆ ಕರೆಯಬಹುದು. ಗೂಡ್ಸಿನ ಮಾತಂತೂ ಕೇಳುವುದೇ ಬೇಡ. ಇಂಗ್ಲೆಂಡಿನಲ್ಲಿ 1960ರ ದಶಕದವರೆಗೂ ಸಣ್ಣ ಸ್ಟೇಷನ್ನುಗಳಲ್ಲೂ ಕೆಲವು ಸೈಡಿಂಗ್, ಅಂದರೆ ಮುಖ್ಯ ಹಳಿಯಿಂದ ಕವಲೊಡೆದ ಪಕ್ಕದ ಹಳಿಗಳು, ಇರುತ್ತಿದ್ದವು: ಕಲ್ಲಿದ್ದಲಿನ ವ್ಯಾಪಾರಿಗೊಂದು, ಗೂಡ್ಸ್ ಶೆಡ್ಡಿಗೊಂದು, ದನ ಹತ್ತಿಸುವ ಕಟ್ಟೆಗೊಂದು. ಗೂಡ್ಸ್ ಗಾಡಿಯೊಂದು ಊರಿಂದೂರಿಗೆ ಬಂದು ಎರಡು ವ್ಯಾಗನ್ ಬಿಟ್ಟು ಮೂರು ಎತ್ತಿಕೊಂಡು ಹೋಗುತ್ತಿತ್ತು. ಅದರ ದಿನದ ಬಹುಪಾಲು ಕಳೆಯುತ್ತಿದ್ದದ್ದು ಓಡುವುದರಲ್ಲಲ್ಲ, ಬಿಡಬೇಕಾದ ವ್ಯಾಗನ್ನು ಬೇಡದ ಎರಡರ ಹಿಂದೆ ಸಿಕ್ಕಿಕೊಂಡಿದ್ದನ್ನು ಬಿಡಿಸುವುದರಲ್ಲಿ. ನಷ್ಟದ ಹಳಿಗಳನ್ನು ಮುಚ್ಚಲು ಹೇಳಿದ 1963ರ ಬೀಚಿಂಗ್ ವರದಿಯ ನಂತರ ಸಾವಿರಾರು ಸ್ಟೇಷನ್ನುಗಳು ಮುಚ್ಚಿದವು, ಬಿಡಿ ವ್ಯಾಗನ್ ಸಾಗಣೆ ಲಾರಿಗಳ ಪಾಲಾಯಿತು. ನಮ್ಮಲ್ಲೂ ಬಿಡಿ ವ್ಯಾಗನ್ನಿನ ಕಾಲ ಹೋಗಿ ಇಡೀ ರೇಕಿನ, ಅಂದರೆ ಪೂರ್ತಿ ಗಾಡಿಯ, ಲೆಕ್ಕ ಬಂತು. ಹಾಗಾಗಿ ಹಲಗೆಯ ಮೇಲಿನವನು ಆಡುತ್ತಿರುವುದು ದೊಡ್ಡ ರೈಲ್ವೆಯೇ ಕೈಬಿಟ್ಟ ಒಂದು ಕೆಲಸವನ್ನು. ಸಂಬಳವಿಲ್ಲದೆ, ರಾತ್ರಿ ಪಾಳಿಯಲ್ಲಿ.

ಆ ಕೆಲಸವನ್ನು ನಾಲ್ಕಡಿಗೆ ಇಳಿಸಿದ ಕೀರ್ತಿ ಅಲನ್ ರೈಟ್ ಎಂಬ ಇಂಗ್ಲಿಷ್ ಹವ್ಯಾಸಿಯದು. ಅವನ ‘ಇಂಗಲ್‌ನುಕ್ ಸೈಡಿಂಗ್ಸ್’ನಲ್ಲಿ ಇರುವುದು ಹಳಿ ಕವಲೊಡೆಯುವ ಎರಡೇ ಎರಡು ಪಾಯಿಂಟ್, ಮೂರು ಸೈಡಿಂಗ್. ಒಂದರಲ್ಲಿ ಐದು ವ್ಯಾಗನ್ ಹಿಡಿಯುತ್ತವೆ, ಉಳಿದೆರಡರಲ್ಲಿ ಮೂರು ಮೂರು. ಇನ್ನೊಂದು ತುದಿಯಲ್ಲಿ, ವ್ಯಾಗನ್ ಹೊರಗೆಳೆದು ಅದಲುಬದಲು ಮಾಡುವ ಗಿಡ್ಡ ಹಳಿಯಾದ ಶಂಟಿಂಗ್ ನೆಕ್‌ನಲ್ಲಿ ಇಂಜಿನ್ನಿನ ಜೊತೆ ಮೂರೇ ವ್ಯಾಗನ್ನಿಗೆ ಜಾಗ. ಒಟ್ಟು ಎಂಟು ವ್ಯಾಗನ್. ಚೀಟಿ ಎತ್ತಿ, ಬಂದ ಐದನ್ನು ಬಂದ ಕ್ರಮದಲ್ಲೇ ಉದ್ದದ ಸೈಡಿಂಗಿನಲ್ಲಿ ಜೋಡಿಸಿ ನಿಲ್ಲಿಸಬೇಕು, ಆಟ ಇಷ್ಟೇ. ಎಂಟರಲ್ಲಿ ಐದನ್ನು ಸಾಲಾಗಿ ನಿಲ್ಲಿಸುವ ಬಗೆಗಳು 6,720. ದಿನಕ್ಕೊಂದರಂತೆ ಆಡಿದರೆ ಹದಿನೆಂಟು ವರ್ಷ ಮೀರುತ್ತದೆ. ವೃತ್ತ ಏಳನೇ ಸುತ್ತಿಗೇ ಸೋತಿತ್ತೆಂಬುದನ್ನು ಮರೆಯಬಾರದು. ಇಲ್ಲಿ ಗಮನಿಸಬೇಕಾದ್ದು ಸೈಡಿಂಗುಗಳಲ್ಲಿ ಹನ್ನೊಂದು ವ್ಯಾಗನ್ನಿಗೆ ಜಾಗವಿದ್ದರೂ ಎಂಟನ್ನೇ ಇಟ್ಟಿರುವ ಲೋಭ. ಹನ್ನೊಂದನ್ನೂ ತುಂಬಿದರೆ ಹೊರಗೆ ಎಳೆದದ್ದನ್ನು ಇಡಲು ಬೇರೆ ಜಾಗವೇ ಇಲ್ಲ, ಎಳೆದಲ್ಲಿಗೇ ವಾಪಸು ನೂಕಬೇಕು. ಹಾಗಂತ ಶಂಟಿಂಗ್ ನೆಕ್ ಉದ್ದ ಮಾಡಿಬಿಟ್ಟರೆ ಎಲ್ಲವನ್ನೂ ಒಮ್ಮೆಗೇ ಎಳೆದು ಹಂಚಬಹುದು, ಯೋಚಿಸುವ ಗೋಜೇ ಇರುವುದಿಲ್ಲ. ಅಂದರೆ ಜಾಗ ಹೆಚ್ಚಾದಷ್ಟೂ ಈ ರೈಲ್ವೆ ಕೆಡುತ್ತದೆ. ನನ್ನ ವಾದಕ್ಕೆ ಇದಕ್ಕಿಂತ ಗಟ್ಟಿ ಪುರಾವೆ ಇಲ್ಲ. ಬೇಕಿದ್ದರೆ ಅಮೆರಿಕದ ಜಾನ್ ಆಲನ್‌ನನ್ನು ನೋಡಿ. ಕ್ಯಾಲಿಫೋರ್ನಿಯಾದ ಮಾಂಟೆರೇಯಲ್ಲಿ, ನೆಲದಿಂದ ಎದ್ದ ಬೆಟ್ಟ ಕಣಿವೆಗಳ ನಡುವೆ ಜಗತ್ತೇ ಮೆಚ್ಚಿದ ಭಾರೀ ಮಾದರಿ ರೈಲ್ವೆ ಕಟ್ಟಿದ್ದವನು. ಅಂಥವನೂ ಕೊನೆಗೊಂದು ಪುಟ್ಟ ಹಲಗೆಯ ಶಂಟಿಂಗ್ ಒಗಟು ಮಾಡಿ, 1972ರಲ್ಲಿ ‘ಟೈಮ್‌ಸೇವರ್’ ಎಂಬ ಹೆಸರಿನಲ್ಲಿ ಅಚ್ಚು ಹಾಕಿಸಿದ. ಎಷ್ಟೋ ಜನರ ಸಮಯವನ್ನು ಅದು ನುಂಗಿದೆ.

ಯೋಜನೆ ಹಾಕುವವರು ಸಾಮಾನ್ಯವಾಗಿ ಮೊದಲು ಗೋಡೆ ಅಳೆಯುತ್ತಾರೆ. ಅಳೆಯಬೇಕಾದ್ದು ವ್ಯಾಗನ್ನನ್ನು. ಹಳೆಯ ನಾಲ್ಕು ಚಕ್ರದ ಬ್ರಿಟಿಷ್ ವ್ಯಾಗನ್ ಕೊಂಡಿ ಸೇರಿ ಎಂಟು ಸೆಂಟಿಮೀಟರ್ ಸುಮಾರು. ಐದರದ್ದೊಂದು ಸಾಲು, ಎರಡು ಪಾಯಿಂಟಿನ ಉದ್ದ, ಮೂರು ವ್ಯಾಗನ್ ಮತ್ತು ಒಂದು ಪುಟ್ಟ ಇಂಜಿನ್ನು, ಎಲ್ಲ ಕೂಡಿಸಿದರೆ ನಾಲ್ಕಡಿ ತಾನಾಗಿಯೇ ಬಂದು ನಿಲ್ಲುತ್ತದೆ. ಆಮೇಲೆ ಬರುವುದು ಪ್ರಲೋಭನೆ. ಕಾಗದದ ಮೇಲೆ ಇನ್ನೊಂದು ಪಾಯಿಂಟಿಗೆ ಜಾಗವಿದ್ದಂತೆ ಕಾಣುತ್ತದೆ. ಪೆನ್ಸಿಲ್ಲಿನಲ್ಲಿ ಎಳೆದ ಪಾಯಿಂಟು ಪೆನ್ಸಿಲ್ ಗೆರೆಯಷ್ಟೇ ಅಗಲ. ಅಂಗಡಿಯಿಂದ ತಂದದ್ದು 18 ಸೆಂಟಿಮೀಟರಿನ ಆಸುಪಾಸು ಉದ್ದ. ಹಲಗೆಯ ತುಂಬ ಹಳಿಯೇ ಆದರೆ ಊರಿಗೆ, ಮರಕ್ಕೆ, ಟೀ ಕುಡಿಯುತ್ತ ನಿಂತ ಪಾಯಿಂಟ್ಸ್‌ಮನ್ನಿಗೆ ಜಾಗವೆಲ್ಲಿ? ಅರ್ಧ ಹಲಗೆಯನ್ನಾದರೂ ಖಾಲಿ ಬಿಡುವ ಧೈರ್ಯ ಬೇಕು, ಮತ್ತು ಒಂದು ತುದಿಯನ್ನು ಮರೆಯಲ್ಲಿಡಬೇಕು. ಯಕ್ಷಗಾನಕ್ಕೆ ಚೌಕಿ ಹೇಗೋ ಹಲಗೆ ರೈಲ್ವೆಗೆ ಆ ಮರೆ ಹಾಗೆ: ವೇಷ ಕಟ್ಟಿಕೊಂಡ ಗಾಡಿಗಳು ಅಲ್ಲಿ ಸಾಲಾಗಿ ಕಾದು ಕೂತಿರುತ್ತವೆ, ಹೊತ್ತಾದಾಗ ಸೇತುವೆಯ ಕೆಳಗಿನಿಂದ ರಂಗಕ್ಕೆ ಬರುತ್ತವೆ, ಎಲ್ಲಿಂದ ಬಂದವೆಂದು ಯಾರೂ ಕೇಳುವುದಿಲ್ಲ. ಇಂಗ್ಲೆಂಡಿನ ‘ರೈಲ್ವೆ ಮಾಡೆಲರ್’ ಪತ್ರಿಕೆಯ ಸಂಪಾದಕ ಸಿರಿಲ್ ಫ್ರೀಜರ್ 1957ರಲ್ಲಿ ಪ್ರಕಟಿಸಿದ ‘ಮಿನರೀಸ್’ ಎಂಬ ನಕ್ಷೆ ಲಂಡನ್ನಿನ ಗಿಜಿಗುಡುವ ಸ್ಟೇಷನ್ನನ್ನೇ ಪುಟ್ಟ ಹಲಗೆಗೆ ಇಳಿಸಿದ್ದು ಇಂಥ ಮರೆಯನ್ನು ನಂಬಿ. ಉಳಿದ ಕೆಲಸ ಹೇಳುವಷ್ಟೇನಿಲ್ಲ. ಪ್ಲೈವುಡ್, ಹಳಿ, ಹಳಿಗೆ ಸಣ್ಣ ಜಲ್ಲಿ. ಜಲ್ಲಿಯ ಮೇಲೆ ನೀರು ಬೆರೆಸಿದ ಫೆವಿಕಾಲ್, ಅದರೊಳಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ತೊಟ್ಟು. ಆ ತೊಟ್ಟು ಮರೆತರೆ ಅಂಟು ಒಳಗಿಳಿಯದೆ ಮೇಲೇ ಗುಂಡಾಗಿ ಉರುಳಿ ಜಲ್ಲಿಯನ್ನು ಹೊತ್ತುಕೊಂಡು ಹೋಗುತ್ತದೆ.

ಇದೆಲ್ಲ ಸುಳ್ಳಲ್ಲವೇ ಎಂಬುದು ದೊಡ್ಡ ಆಕ್ಷೇಪ. 90 ಮೀಟರಿಗೇ ಮುಗಿಯುವ ರೈಲ್ವೆ ಕಾಣಸಿಗುವುದು ಅಪರೂಪ, ನಿಜ. ಆದರೆ ಈ ಹವ್ಯಾಸದಲ್ಲಿ ಸುಳ್ಳು ಶುರುವಾಗುವುದು ಹಲಗೆಯಿಂದಲ್ಲ, ಹಳಿಯಿಂದ. ಡಬಲ್ ಓ ಹಳಿಗಳ ನಡುವಿನ ಅಂತರ 16.5 ಮಿಲಿಮೀಟರ್. 76ರಿಂದ ಗುಣಿಸಿ ನೋಡಿದರೆ ನಿಜದ ಹಳಿಗಿಂತ ಏಳು ಇಂಚು ಇಕ್ಕಟ್ಟು. ಬ್ರಿಟಿಷ್ ಇಂಜಿನ್ನುಗಳ ಮೈ ಸಣ್ಣದು, ಅಂದಿನ ಮೋಟಾರು ಒಳಗೆ ಹಿಡಿಯಲಿಲ್ಲ; ಆದ್ದರಿಂದ ಹಳಿಯನ್ನು ಇದ್ದಹಾಗೇ ಬಿಟ್ಟು ಮೈಯನ್ನಷ್ಟೇ ಹಿಗ್ಗಿಸಿದರು. ಈ ಅಕ್ರಮವನ್ನು ಸಹಿಸಲಾಗದೆ 18.83 ಮಿಲಿಮೀಟರಿನ ಸರಿಯಾದ ಹಳಿ ಹಾಕಿ, ಪ್ರತಿ ಇಂಜಿನ್ನಿನ ಚಕ್ರ ಬಿಚ್ಚಿ ಮತ್ತೆ ಕೂಡಿಸುವ ಒಂದು ಪಂಥವೇ ಇದೆ. ಅವರ ಬಗ್ಗೆ ನನಗೆ ಗೌರವವಿದೆ. ಎರಡೂಕಾಲು ಮಿಲಿಮೀಟರಿಗಾಗಿ ಜೀವ ತೇಯುವವರ ಬಗ್ಗೆ ಗೌರವವಿಲ್ಲದಿದ್ದರೆ ಹೇಗೆ? ಆದರೆ ಅವರ ಹಲಗೆಯ ತುದಿಯಲ್ಲೂ ರೈಲು ನಿಲ್ಲಲೇಬೇಕು, ಗೋಡೆ ಅವರ ನಿಖರತೆಗೆ ಮಣಿಯುವುದಿಲ್ಲ. ಅಳತೆಯಲ್ಲಿ ಎಲ್ಲರೂ ಸುಳ್ಳರೇ. ಕೆಲಸದಲ್ಲಿ ನಿಜವಿದೆಯೇ ಎಂದು ಕೇಳಬೇಕು, ಅಲ್ಲಿ ನಾಲ್ಕಡಿಯದ್ದೇ ಗೆಲುವು: ಐದು ವ್ಯಾಗನ್ನಿನ ಗಾಡಿ ಸಣ್ಣ ಬ್ರಾಂಚ್ ಲೈನಿನಲ್ಲಿ ನಿಜಕ್ಕೂ ಐದೇ ವ್ಯಾಗನ್ನಿನದಾಗಿರಬಹುದು, ಅದನ್ನು ಕುಗ್ಗಿಸಿ ನಟಿಸಬೇಕಾಗಿಲ್ಲ.

ಕಂಪ್ಯೂಟರಿನಲ್ಲಿ ಇದೇ ಒಗಟು ಪುಕ್ಕಟೆ ಸಿಗುತ್ತದೆ, ಹಲಗೆ ಯಾಕೆ ಎಂಬ ಪ್ರಶ್ನೆ ಇನ್ನೊಂದು. ಕಂಪ್ಯೂಟರಿನ ವ್ಯಾಗನ್ನಿಗೆ ತೂಕವಿಲ್ಲ, ಹಳಿಗೆ ಧೂಳಿಲ್ಲ, ಕೊಂಡಿ ಹೇಳಿದ ಕೂಡಲೇ ಕಳಚಿಕೊಳ್ಳುತ್ತದೆ. ಅಷ್ಟೊಂದು ವಿಧೇಯತೆ ಯಾವ ರೈಲ್ವೆಯಲ್ಲಿ ಇದ್ದೀತು? ಹಲಗೆಯ ಮೇಲೆ ಪಾಯಿಂಟಿನ ಮಧ್ಯಕ್ಕೆ ಬಂದು ಇಂಜಿನ್ನು ವಿದ್ಯುತ್ ಸಿಗದೆ ನಿಂತುಬಿಡುತ್ತದೆ, ಬೆರಳಿನಿಂದ ತಳ್ಳಬೇಕು, ತಳ್ಳಿದರೆ ಕಳಚಬಾರದ ವ್ಯಾಗನ್ನು ಕಳಚುತ್ತದೆ. ಇದನ್ನು ದೋಷ ಎನ್ನುವವರು ಗಾಡಿಗಳ ವಿಳಂಬದ ಪ್ರಕಟಣೆಯನ್ನು ಕೇಳಿಸಿಕೊಂಡವರಲ್ಲ. ಖರ್ಚಿನ ಆಕ್ಷೇಪಕ್ಕೆ ಉತ್ತರ ಕೊಡುವುದು ಕಷ್ಟ, ಏಕೆಂದರೆ ಅದು ಸರಿ. ಆದರೂ ಒಂದು ಇಂಜಿನ್ನು, ಎಂಟು ವ್ಯಾಗನ್, ಎರಡು ಪಾಯಿಂಟಿಗೆ ಈ ಖರ್ಚು ತಾನಾಗಿ ನಿಲ್ಲುತ್ತದೆ. ದೊಡ್ಡ ಕೋಣೆಯ ರೈಲ್ವೆಯಲ್ಲಿ ನಿಲ್ಲುವ ಜಾಗವೇ ಇಲ್ಲ.

ನಮ್ಮ ಕಡೆಯ ಗಾಡಿಯೇ ಬೇಕೆನ್ನುವವರಿಗೆ ತೊಡಕು ಬೇರೆ. ಭಾರತದ ಬ್ರಾಡ್‌ಗೇಜ್ 1,676 ಮಿಲಿಮೀಟರ್. 87ನೇ ಒಂದು ಪಾಲಿನ ‘ಎಚ್‌ಓ’ ಅಳತೆಗೆ ಇಳಿಸಿದರೆ 19 ಮಿಲಿಮೀಟರಿನ ಮೇಲಾಗುತ್ತದೆ. ಆದರೂ ಸಾಮಾನ್ಯವಾಗಿ ನಮ್ಮ ಇಂಜಿನ್ನುಗಳನ್ನು ಓಡಿಸುವುದು ಆ ಪರದೇಶಿ 16.5ರ ಮೇಲೆಯೇ. ಅದಕ್ಕಿಂತ ಶಿವಮೊಗ್ಗ–ತಾಳಗುಪ್ಪದಂಥ ಹಳೆಯ ಮೀಟರ್‌ಗೇಜನ್ನು ಆರಿಸಿಕೊಳ್ಳುವುದು ಲೇಸು. ಯುರೋಪಿನ ಪುಟ್ಟ ಮೀಟರ್‌ಗೇಜ್ ಗಾಡಿಗಳಿಗೆಂದು ಮಾಡಿದ 12 ಮಿಲಿಮೀಟರ್ ಹಳಿ ಅದಕ್ಕೆ ಸುಮಾರು ಅರ್ಧ ಮಿಲಿಮೀಟರಿನ ವ್ಯತ್ಯಾಸದಲ್ಲಿ ಒಪ್ಪುತ್ತದೆ, ಗಾಡಿಯೂ ಚಿಕ್ಕದು. ಹಂಚಿನ ಗೂಡ್ಸ್ ಶೆಡ್ಡು, ಒಂದು ಹಲಸಿನ ಮರ, ಮೂಟೆಗಳು. ನಾಲ್ಕಡಿಯಲ್ಲಿ ಮಲೆನಾಡು ಬೇಕಾದಷ್ಟಾಯಿತು. ಮಳೆಯನ್ನು ಮಾತ್ರ ಅಳತೆಗೆ ಇಳಿಸಲು ಬರುವುದಿಲ್ಲ.

ಕೊನೆಯ ಆಕ್ಷೇಪ ಹಳಬರದು: ಸಣ್ಣದು ಬೇಗ ಮುಗಿದುಹೋಗುತ್ತದೆ, ಆಮೇಲೇನು? ಇದಕ್ಕೆ ನನ್ನ ಬಳಿ ಅರ್ಧ ಉತ್ತರವಿದೆ. ಇಂಗ್ಲೆಂಡಿನ ಪಾದ್ರಿ ಪೀಟರ್ ಡೆನ್ನಿ ತನ್ನ ಬಕಿಂಗ್‌ಹ್ಯಾಮ್ ಬ್ರಾಂಚ್ ಲೈನನ್ನು 1940ರ ದಶಕದಲ್ಲಿ ಶುರುಮಾಡಿ ದಶಕಗಟ್ಟಲೆ ಕಟ್ಟಿದ, ಕೆಡವಿ ಮತ್ತೆ ಕಟ್ಟಿದ. ಒಂದು ತುದಿಯನ್ನು ನೋಡಿಕೊಳ್ಳಲು ಜನ ಸಾಲದೆ ಯಂತ್ರವೊಂದನ್ನು ಮಾಡಿ, ಅದಕ್ಕೆ ‘ಆಟೋಮ್ಯಾಟಿಕ್ ಕ್ರಿಸ್ಪಿನ್’ ಎಂದು ಮಗನ ಹೆಸರನ್ನೇ ಇಟ್ಟ. ಮಗನನ್ನು ಯಂತ್ರದಲ್ಲಿ ಭರ್ತಿ ಮಾಡಬೇಕಾದಷ್ಟು ದೊಡ್ಡ ರೈಲ್ವೆ ಹಲಗೆಯವನಿಗೆ ಬೇಡ. ಆದರೆ ಮುಗಿಯಬಾರದೆಂಬ ಆಸೆ ಅವನಿಗೂ ಉಂಟು. ಆದ್ದರಿಂದ ಮೊದಲ ಹಲಗೆಗೆ ಬ್ರಾಕೆಟ್ ಹೊಡೆಯುವಾಗಲೇ ಅದರ ಮೇಲೆ ಒಂದೂವರೆ ಅಡಿ ಬಿಟ್ಟು ಇನ್ನೊಂದು ಜೊತೆ ತೂತು ಕೊರೆದಿಟ್ಟುಕೊಳ್ಳುವುದು ಒಳ್ಳೆಯದು. ಯಾಕೆಂದು ಮನೆಯವರು ಕೇಳಿದರೆ ಪುಸ್ತಕಕ್ಕೆ ಎನ್ನಬಹುದು.