ಪರನಾಮಧಾರಣ ಮೀಮಾಂಸೆ

ನಮ್ಮ ವಿಶ್ವವಿದ್ಯಾಲಯಗಳಲ್ಲಿ ನಿರುಕ್ತಶಾಸ್ತ್ರ ಸೊರಗಿಹೋಯಿತೆಂದು ಕೊರಗುವ ಪಂಡಿತರು ಹೈಕೋರ್ಟುಗಳ ಕಡತ ತಿರುವಿಹಾಕಿದವರಲ್ಲ. ಪದಗಳ ಹುಟ್ಟಿನ ಬಗ್ಗೆ ಇಷ್ಟು ಶ್ರದ್ಧೆಯಿಂದ, ಇಷ್ಟು ಖರ್ಚಿನಲ್ಲಿ, ಅದೂ ಪ್ರಮಾಣ ಮಾಡಿ ಬರೆದ ಸಾಹಿತ್ಯ ಇನ್ನೆಲ್ಲೂ ಸಿಗದು. ಬರೆದವರು ಭಾಷಾಶಾಸ್ತ್ರ ಓದಿದವರೇನಲ್ಲ. ಹೆಸರಾಂತ ಕಂಪನಿಯ ಹೆಸರನ್ನು ತಮ್ಮ ಜಾಲತಾಣದ ವಿಳಾಸಕ್ಕೆ ಅಂಟಿಸಿಕೊಂಡು, ವಕೀಲರ ನೋಟಿಸ್ ಕೈಗೆ ಬಂದ ದಿನ ಏಕಾಏಕಿ ವೈಯಾಕರಣರಾದವರು. ಈ ಉಪೇಕ್ಷಿತ ಪಂಥದ ಸಾಧನೆಯನ್ನು ವಿದ್ವತ್ಸಭೆಯ ಮುಂದಿಡುವುದೇ ಪ್ರಸ್ತುತ ಪ್ರಬಂಧದ ಪ್ರಯೋಜನ.

ಮೊದಲು ಲಕ್ಷಣ. ಅನ್ಯರ ಟ್ರೇಡ್‌ಮಾರ್ಕನ್ನು ಅವರ ಒಪ್ಪಿಗೆಯಿಲ್ಲದೆ, ಡಾಟ್‌ಕಾಂ ಮುಂತಾದ ಪ್ರತ್ಯಯ ಹಚ್ಚಿ ತನ್ನದಾಗಿಸಿಕೊಳ್ಳುವುದು ಪರನಾಮಧಾರಣ. ಇದು ಮೂರು ಬಗೆ. ಹೆಸರನ್ನು ಇದ್ದಂತೆಯೇ ಎತ್ತಿದರೆ ತತ್ಸಮ. ಒಂದಕ್ಷರ ತಿದ್ದಿ ಎತ್ತಿದರೆ ತದ್ಭವ. ಹೆಸರಿನ ಬಾಲಕ್ಕೆ ಊರನ್ನೋ ದೇಶವನ್ನೋ ಕಟ್ಟಿದರೆ ಸಮಾಸ. ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಅಪಭ್ರಂಶಕ್ಕೆ, ಅಂದರೆ ತದ್ಭವಕ್ಕೆ, ಒಂದು ಪ್ರಕರಣವನ್ನೇ ಮೀಸಲಿಟ್ಟಿದ್ದರೂ ಸಂಸ್ಕೃತದವರು ಆತನ ಮೇಲೆ ದಾವೆ ಹೂಡಿದ ದಾಖಲೆಯಿಲ್ಲ, ಕಾಲ ಒಳ್ಳೆಯದಿತ್ತು.

ಡೊಮೇನಿಗೂ, ಅಂದರೆ ಜಾಲತಾಣದ ವಿಳಾಸಕ್ಕೂ, ಒಂದು ಕೃತಯುಗವಿತ್ತು. 1995ರ ಸೆಪ್ಟೆಂಬರ್‌ವರೆಗೆ ಹೆಸರು ಪುಕ್ಕಟೆ, ಮೊದಲು ಕೇಳಿದವರಿಗೆ ಮೊದಲು. 1994ರಲ್ಲಿ ಜೋಶುವಾ ಕ್ವಿಟ್ನರ್ ಎಂಬ ಅಮೆರಿಕದ ಪತ್ರಕರ್ತ ಮೆಕ್‌ಡೊನಾಲ್ಡ್ಸ್.ಕಾಂ ಅನ್ನು ತನ್ನ ಹೆಸರಿಗೆ ಮಾಡಿಕೊಂಡು, ಅದನ್ನೇ ‘ವೈರ್ಡ್’ ಪತ್ರಿಕೆಯಲ್ಲಿ ಲೇಖನವಾಗಿಯೂ ಬರೆದ. ಕೊನೆಗೆ ಕಂಪನಿ ಬ್ರೂಕ್ಲಿನ್‌ನ ಶಾಲೆಯೊಂದರ ಕಂಪ್ಯೂಟರ್ ಖರ್ಚಿಗೆ 3,500 ಡಾಲರ್ ಕೊಟ್ಟು ಹೆಸರು ಬಿಡಿಸಿಕೊಂಡಿತು. ಪರನಾಮಧಾರಣದಿಂದ ವಿದ್ಯಾದಾನವಾದ ಈ ಪ್ರಸಂಗವನ್ನು ನಂತರದವರು ಪೂರ್ವನಿದರ್ಶನವೆಂದು ಭ್ರಮಿಸಿದ್ದೇ ಅನರ್ಥಕ್ಕೆ ಮೂಲ. ಏಕೆಂದರೆ 1999ರಲ್ಲಿ ಯುಗ ಬದಲಾಯಿತು. ಡೊಮೇನುಗಳ ಉಸ್ತುವಾರಿ ಹೊತ್ತ ಐಕ್ಯಾನ್ ಸಂಸ್ಥೆ ಏಕರೂಪ ವಿವಾದ ನೀತಿ ತಂದಿತು. ಅಮೆರಿಕದ ಕಾಯ್ದೆ ಒಂದೊಂದು ಹೆಸರಿಗೂ ಸಾವಿರದಿಂದ ಒಂದು ಲಕ್ಷ ಡಾಲರ್‌ವರೆಗೆ ಪರಿಹಾರ ವಿಧಿಸಬಹುದೆಂದಿತು.

ಅದೇ ವರ್ಷ ನಮ್ಮಲ್ಲೂ ನಿರುಕ್ತದ ಸುಗ್ಗಿ. ಯಾಹೂಇಂಡಿಯಾ.ಕಾಂ ಎಂಬ ಸಮಾಸದ ಕರ್ತೃ ದೆಹಲಿ ಹೈಕೋರ್ಟಿನಲ್ಲಿ, ಯಾಹೂ ಎಂಬುದು ನಿಘಂಟಿನಲ್ಲಿರುವ ಪದ, ಯಾರಪ್ಪನ ಸ್ವತ್ತೂ ಅಲ್ಲ ಎಂಬರ್ಥದ ವಾದ ಹೂಡಿದರು. ಇವರನ್ನು ಕೋಶವಾದಿಗಳು ಎನ್ನೋಣ. ವಾದದಲ್ಲಿ ಹುರುಳಿಲ್ಲದಿಲ್ಲ: ಜೊನಾಥನ್ ಸ್ವಿಫ್ಟ್ 1726ರಲ್ಲೇ ತನ್ನ ಗಲಿವರನ ಕಥೆಯಲ್ಲಿ ಆ ಹೆಸರಿನ ಒರಟು ಪ್ರಾಣಿಗಳನ್ನು ಸೃಷ್ಟಿಸಿದ್ದ. ಆದರೆ ಇಂಟರ್‌ನೆಟ್‌ನಲ್ಲಿ ಯಾಹೂ ಎಂದೊಡನೆ ಜನಕ್ಕೆ ಸ್ವಿಫ್ಟ್ ನೆನಪಾಗುವುದಿಲ್ಲವೆಂಬ ಕಠೋರ ಸತ್ಯ ನ್ಯಾಯಾಲಯಕ್ಕೆ ಗೊತ್ತಿತ್ತು. ತಡೆಯಾಜ್ಞೆ ಬಂತು.

ಕೋಶವಾದಿಗಳಿಗಿಂತ ಕಲ್ಪನಾಶಕ್ತಿಯಲ್ಲಿ ಮೇಲಾದವರು ಅಕ್ಷರವಾದಿಗಳು. ರೆಡಿಫ್ ಜಾಲತಾಣದ ಪಕ್ಕದಲ್ಲೇ ರ್‍ಯಾಡಿಫ್.ಕಾಂ ಎಂಬ ತದ್ಭವ ಮೊಳೆತಾಗ ಬಾಂಬೆ ಹೈಕೋರ್ಟಿಗೆ ಬಂದ ವ್ಯುತ್ಪತ್ತಿ ಕೇಳಿ: ರ್‍ಯಾಡಿಕಲ್‌ನ ಮೊದಲ ಮೂರು ಅಕ್ಷರ, ಇನ್ಫರ್ಮೇಷನ್‌ನದೊಂದು, ಫ್ಯೂಚರ್‌ನದೊಂದು, ಫ್ರೀ ಎಂಬುದರದೊಂದು. ನಿರುಕ್ತಕಾರ ಯಾಸ್ಕನೂ ಇಷ್ಟು ದೂರ ಹೋಗಲಾರ. ಮೊದಲ ಪದಕ್ಕೆ ಮೂರಕ್ಷರ ಯಾಕೆ, ಉಳಿದವಕ್ಕೆ ಒಂದೇ ಯಾಕೆ ಎಂಬ ಪ್ರಶ್ನೆ ಅಪ್ರಬುದ್ಧರದು. ಬೇಕಾದ ಪದ ಸಿಗುವವರೆಗೆ ಎಣಿಸುವುದೇ ಈ ಪಂಥದ ನಿಯಮ. ನ್ಯಾಯಾಲಯಕ್ಕೆ ಮಾತ್ರ ಅಲ್ಲಿ ಕಂಡದ್ದು ರೆಡಿಫ್‌ನ ಹೆಸರಿನ ಮೇಲೆ ವ್ಯಾಪಾರ ಮಾಡುವ ಇರಾದೆ.

ಈ ಪಂಥದ ಮೇರುಕೃತಿ ಹುಟ್ಟಿದ್ದು ನಮ್ಮ ಬೆಂಗಳೂರಿನ ಸಿವಿಲ್ ಕೋರ್ಟಿನಲ್ಲಿ ಎಂಬುದು ಕನ್ನಡಿಗರು ಎದೆಯುಬ್ಬಿಸುವ ಸಂಗತಿ. ಸತ್ಯಂ ಇನ್ಫೋವೇ ತನ್ನ ಹೆಸರಿನ ತುಣುಕುಗಳನ್ನು ಜೋಡಿಸಿ ಸಿಫಿ ಎಂಬ ಪದ ಕಟ್ಟಿ, 1999ರಲ್ಲಿ ಆ ಹೆಸರಿನ ಡೊಮೇನುಗಳನ್ನು ನೋಂದಾಯಿಸಿತ್ತು. 2001ರಲ್ಲಿ ಇನ್ನೊಂದು ಕಂಪನಿ ಇಂಗ್ಲಿಷಿನ ಒಂದು ಎಫ್‌ಗೆ ದ್ವಿತ್ವ ಕೊಟ್ಟು ಸಿಫ್ಫಿನೆಟ್ ಎಂದಿತು. ಕೇಳಿದರೆ, ಇಂಗ್ಲಿಷಿನ ಸಿಫ್ಫಿ ತಮ್ಮ ಐವರು ಪ್ರವರ್ತಕರ ಹೆಸರುಗಳ ಮೊದಲಕ್ಷರ ಎಂದರು. ಐದು ಮಂದಿ, ಐದು ಅಕ್ಷರ, ಅದೇ ಕ್ರಮದಲ್ಲಿ! ಹುಟ್ಟುವಾಗಲೇ ತಂದೆತಾಯಿಗಳು ಮುಂದಿನ ಕಂಪನಿಯನ್ನು ಮನಸ್ಸಿನಲ್ಲಿಟ್ಟು ನಾಮಕರಣ ಮಾಡಿರಬೇಕು. ಸಿವಿಲ್ ಕೋರ್ಟು ತಡೆಯಾಜ್ಞೆ ಕೊಟ್ಟಿತು. ಕರ್ನಾಟಕ ಹೈಕೋರ್ಟು ತೆಗೆಯಿತು. 2004ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಮತ್ತೆ ಹಾಕಿತು. ನ್ಯಾಯಮೂರ್ತಿ ರುಮಾ ಪಾಲ್ ಅವರ ತೀರ್ಪು ಪಂಚಾಕ್ಷರಿ ವ್ಯುತ್ಪತ್ತಿಯನ್ನು ಒಪ್ಪದೆ, ಡೊಮೇನಿಗೆಂದು ಪ್ರತ್ಯೇಕ ಕಾಯ್ದೆ ಇಲ್ಲದಿದ್ದರೂ ಟ್ರೇಡ್‌ಮಾರ್ಕಿನಂತೆ ಅದಕ್ಕೂ ರಕ್ಷಣೆಯುಂಟು, ಒಬ್ಬರ ಸರಕನ್ನು ಇನ್ನೊಬ್ಬರದೆಂದು ನಂಬಿಸುವ ‘ಪಾಸಿಂಗ್ ಆಫ್’ ಇಲ್ಲಿಯೂ ತಪ್ಪೇ ಎಂದು ಸ್ಥಾಪಿಸಿತು. ಇಂದಿಗೂ ನಮ್ಮ ದೇಶದ ಡೊಮೇನ್ ದಾವೆಗಳಲ್ಲಿ ಇದೇ ಮೂಲಗ್ರಂಥ.

ಭೂಗೋಳವಾದಿಗಳೆಂಬ ಕಿರುಪಂಥವೂ ಇದೆ. ಪ್ಯಾನಾವಿಷನ್.ಕಾಂ ಹಿಡಿದು ಕೂತ ಇಲಿನಾಯ್‌ನ ಮಹಾಶಯರೊಬ್ಬರು ಆ ತಾಣದಲ್ಲಿ ಪ್ಯಾನಾ ಎಂಬ ಊರಿನ ಫೋಟೋಗಳನ್ನು ಹಾಕಿದ್ದರು. ಪ್ಯಾನಾ, ಅದರ ವಿಷನ್. ಇನ್ನೇನು ಬೇಕು? ಊರಿನ ಅಭಿಮಾನಕ್ಕೆ ಅವರು ಪ್ಯಾನಾವಿಷನ್ ಎಂಬ ಕ್ಯಾಮೆರಾ ಕಂಪನಿಯಿಂದ ಕೇಳಿದ್ದು 13,000 ಡಾಲರ್. ಕಂಪನಿ ಒಲ್ಲೆನೆಂದಾಗ ಅದರದೇ ಇನ್ನೊಂದು ಟ್ರೇಡ್‌ಮಾರ್ಕಾದ ಪ್ಯಾನಾಫ್ಲೆಕ್ಸನ್ನೂ ನೋಂದಾಯಿಸಿ, ಪುಟದ ಮೇಲೆ ‘ಹಲೋ’ ಎಂದಷ್ಟೇ ಬರೆದರು. ಮೌನವನ್ನೂ ಮೀರಿದ ಈ ಭಾಷ್ಯ 1998ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯದಲ್ಲಿ ನಡೆಯಲಿಲ್ಲ.

ಈಗ ಪೂರ್ವಪಕ್ಷದವರು ಕೇಳಬಹುದು: ವ್ಯುತ್ಪತ್ತಿ ಸೊಗಸಾಗಿದ್ದರೂ ಸೋಲುವುದೇಕೆ? ಉತ್ತರ ಐಕ್ಯಾನ್ ನೀತಿಯ ತ್ರಿಲಕ್ಷಣದಲ್ಲಿದೆ. ಹೆಸರು ಟ್ರೇಡ್‌ಮಾರ್ಕಿನದೇ ಆಗಿರಬೇಕು ಅಥವಾ ಗೊಂದಲ ಹುಟ್ಟಿಸುವಷ್ಟು ಹೋಲಬೇಕು. ಹಿಡಿದವನಿಗೆ ಅದರ ಮೇಲೆ ನ್ಯಾಯವಾದ ಹಕ್ಕಿರಬಾರದು. ನೋಂದಾಯಿಸಿದ್ದೂ ಬಳಸಿದ್ದೂ ದುರುದ್ದೇಶದಿಂದಾಗಿರಬೇಕು. ಮೂರನ್ನೂ ತೋರಿಸಿದರೆ ಹೆಸರು ಹೋಗುತ್ತದೆ, ದಂಡವಿಲ್ಲ. ಡಾಟ್ ಇನ್ ಹೆಸರುಗಳಿಗೂ 2005ರಿಂದ ಇಂಥದೇ ಪಂಚಾಯ್ತಿ ಇದೆ. ದುರುದ್ದೇಶವೆಂಬುದು ಅಂತರಂಗದ ವಿಷಯ, ತಿಳಿಯುವುದು ಹೇಗೆಂದರೆ, ಬಾಯಿಬಿಟ್ಟು ಬೆಲೆ ಹೇಳುತ್ತಾರಲ್ಲ! ನೀತಿಯ ಮೊದಲ ಕೇಸು ವರ್ಲ್ಡ್ ರೆಸ್ಲಿಂಗ್ ಫೆಡರೇಷನ್ನಿನದು. ನೂರು ಡಾಲರ್ ಕೊಟ್ಟು ಹೆಸರು ಕೊಂಡವರು ಮೂರನೇ ದಿನವೇ ಸಾವಿರಕ್ಕೆ ಮಾರುತ್ತೇನೆಂದು ಕಂಪನಿಗೆ ಪತ್ರ ಬರೆದರು. 2000ದ ಜನವರಿಯಲ್ಲಿ ಹೆಸರು ಕುಸ್ತಿಯವರ ಪಾಲಾಯಿತು. ಗೆದ್ದವರೂ ನೆಮ್ಮದಿಯಾಗಿರಲಿಲ್ಲ: ಎರಡೇ ವರ್ಷಕ್ಕೆ ಬ್ರಿಟನ್ನಿನ ಕೋರ್ಟಿನಲ್ಲಿ ಪಾಂಡಾ ಚಿಹ್ನೆಯ ವನ್ಯಜೀವಿ ನಿಧಿಯವರ ಕೈಲಿ ಮೂರಕ್ಷರ ಸೋತು, ಡಬ್ಲ್ಯೂಡಬ್ಲ್ಯೂಎಫ್ ಹೋಗಿ ಡಬ್ಲ್ಯೂಡಬ್ಲ್ಯೂಇ ಆದರು.

ಬೆಲೆಯ ವಿಷಯದಲ್ಲಿ ಸ್ವದೇಶಿ ಶಿಖರ ಜಿಯೋಹಾಟ್‌ಸ್ಟಾರ್.ಕಾಂ. ಎರಡು ಕಂಪನಿ ಕೂಡಬಹುದೆಂಬ ಸುದ್ದಿ ಓದಿ 2023ರಲ್ಲೇ ಆ ಸಮಾಸವನ್ನು ಕೊಂಡಿಟ್ಟ ದೆಹಲಿಯ ತಂತ್ರಜ್ಞರೊಬ್ಬರು, ಮರುವರ್ಷ ತಮ್ಮ ಕೇಂಬ್ರಿಜ್ ಓದಿನ ಖರ್ಚನ್ನು ರಿಲಯನ್ಸ್ ಭರಿಸಲೆಂದು ಕೇಳಿದರು. ಕ್ವಿಟ್ನರನ ವಿದ್ಯಾದಾನದ ಪರಂಪರೆಯೇ, ಆದರೆ ದಾನ ಪಡೆಯುವ ವಿದ್ಯಾರ್ಥಿ ತಾನೇ! ಕಂಪನಿ ಒಪ್ಪಲಿಲ್ಲ. ಕೊನೆಗೆ ದುಬೈನ ಇಬ್ಬರು ಮಕ್ಕಳು ಆ ಹೆಸರು ಕೊಂಡು, ಪುಕ್ಕಟೆ ಕೊಡುತ್ತೇವೆಂದರು. ಪರನಾಮಧಾರಣದ ಇತಿಹಾಸದಲ್ಲಿ ನಿಷ್ಕಾಮಕರ್ಮ ಎಷ್ಟು ವಿರಳವೆಂದರೆ, ನಮ್ಮ ವರ್ಗೀಕರಣದಲ್ಲಿ ಅದಕ್ಕೆ ಜಾಗವೇ ಇಲ್ಲ.

ಅಪವಾದಗಳನ್ನು ಹೇಳದಿದ್ದರೆ ಬೆಂಗಳೂರಿನ ಎಸ್‌.ಪಿ. ರಸ್ತೆಯ ರಿಪೇರಿ ಅಂಗಡಿಯವರು ಹೆದರಿಯಾರು. ಓಕಿಡೇಟಾ ಕಂಪನಿಯ ಮಾಲು ಮಾರುತ್ತ ಓಕಿಡೇಟಾಪಾರ್ಟ್ಸ್.ಕಾಂ ಇಟ್ಟುಕೊಂಡ ಡೀಲರ್ 2001ರಲ್ಲಿ ಗೆದ್ದ. ನಿಜವಾಗಿ ಆ ಮಾಲನ್ನೇ, ಅದನ್ನಷ್ಟೇ ಮಾರಬೇಕು; ಕಂಪನಿಗೂ ತನಗೂ ಏನು ಸಂಬಂಧವೆಂದು ಪುಟದಲ್ಲೇ ಹೇಳಿರಬೇಕು; ಇರುವ ಹೆಸರನ್ನೆಲ್ಲ ಬಾಚಿಕೊಳ್ಳಬಾರದು ಎಂಬುದು ಅಲ್ಲಿಂದ ಬಂದ ನಿಯಮ. ಡೊಮೇನಿನಲ್ಲಿ ಲೆಕ್ಸಸ್ ಎಂದು ಸೇರಿಸಿಕೊಂಡ, ಆ ಕಾರು ಕೊಡಿಸುವ ದಲ್ಲಾಳಿಗಳ ಕೇಸಿನಲ್ಲೂ 2010ರಲ್ಲಿ ಅಮೆರಿಕದ ನ್ಯಾಯಾಲಯ, ಅವರು ಲೆಕ್ಸಸ್ ಎನ್ನದೆ ಮತ್ತೇನನ್ನಬೇಕು ಎಂಬ ಧಾಟಿಯಲ್ಲೇ ಯೋಚಿಸಿತು.

ಉಳಿದದ್ದು ಅಣಕ, ಅಂದರೆ ಈ ಪ್ರಬಂಧಕಾರನ ಸ್ವಂತ ಹಿತ. ಪ್ರಾಣಿದಯೆಯ ಸಂಸ್ಥೆ ಪೇಟಾದ ಹೆಸರಿನಲ್ಲಿ 1995ರಲ್ಲಿ ಪೇಟಾ.ಆರ್ಗ್ ಪಡೆದ ಒಬ್ಬರು, ಅದು ರುಚಿಯಾದ ಪ್ರಾಣಿಗಳನ್ನು ತಿನ್ನುವವರ ಸಂಘ ಎಂದು ತಾಣದೊಳಗೆ ಬರೆದಿದ್ದರು. ಇಂಗ್ಲಿಷಿನಲ್ಲಿ ನಾಲ್ಕಕ್ಷರವೂ ಸರಿಯಾಗಿ ಕೂರುತ್ತಿದ್ದವು. ಅಕ್ಷರವಾದಿಗಳಲ್ಲಿ ನಿಜಕ್ಕೂ ನಗಿಸಿದವರು ಇವರೊಬ್ಬರೇ. 2001ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಅಣಕದ ಲಕ್ಷಣವನ್ನೇ ವಿವೇಚಿಸಿತು: ‘ಇದು ಅವರದು’, ‘ಅಲ್ಲ, ಅಣಕ’ ಎಂಬ ಎರಡೂ ಮಾತು ಒಟ್ಟಿಗೇ ಕೇಳಬೇಕು, ವಿಳಾಸ ಬರೀ ಪೇಟಾ ಎನ್ನುತ್ತದೆ, ನಗು ಒಳಗೆ ಹೋದ ಮೇಲಷ್ಟೇ. ಜೊತೆಗೆ ದಾಖಲೆಯಲ್ಲಿ ಇನ್ನೊಂದು ವಾಕ್ಯವೂ ಇತ್ತು. ಡೊಮೇನ್ ಬೇಕಿದ್ದರೆ ತಮ್ಮ ಜೊತೆ ರಾಜಿಗೆ ಬರಲಿ, ಎಷ್ಟು ಕೊಡುತ್ತಾರೋ ಹೇಳಲಿ ಎಂದು ಆ ವಿದೂಷಕರೂ ಪೇಟಾದವರಿಗೆ ಸೂಚಿಸಿದ್ದರು.