ಮಡಿ ಬೀಜ

ಐರಿಸ್ ಬೇಕೆಂದವರು ಗೆಡ್ಡೆ ತಂದು ನೆಡುತ್ತಾರೆ. ಆಗಸ್ಟಿನಲ್ಲಿ ನೆಟ್ಟರೆ ಮುಂದಿನ ಮೇ ತಿಂಗಳಿಗೆ ಹೂವು. ಇಡೀ ನ್ಯೂಜೆರ್ಸಿ ಮಾಡುವುದು ಹಾಗೇ. ನನಗೆ ಮಾತ್ರ ಬೀಜವೇ ಆಗಬೇಕು. ಗೆಡ್ಡೆಯಿಂದ ಬರುವುದು ತಾಯಿಯ ಪಡಿಯಚ್ಚು. ಬೀಜದಿಂದ ಯಾವ ಬಣ್ಣ ಬರುತ್ತದೋ ಬ್ರಹ್ಮನಿಗೂ ಗೊತ್ತಿಲ್ಲ. "ಹತ್ತು ಡಾಲರಿಗೆ ಗಿಡವೇ ಸಿಗತ್ತಲ್ರೀ" ಎಂದು ಗೆಳತಿಯೊಬ್ಬಳು ಬುದ್ಧಿ ಹೇಳಿದಳು. ಈ ಲೆಕ್ಕದ ಜನ ಮಕ್ಕಳನ್ನು ಹೇಗೆ ಸಾಕುತ್ತಾರೋ!

ಐರಿಸ್ ಬೀಜಕ್ಕೆ ಚಳಿಗಾಲಕ್ಕೆ ಮುಂಚೆ ಮೊಳೆಯಬಾರದೆಂಬ ಹಟ. ಮೊಳಕೆ ತಡೆಯುವ ರಸಾಯನ ಅದರ ಒಳಗೇ ಇರುತ್ತದೆ. ದಿನಗಟ್ಟಲೆ ನೀರು ಬದಲಿಸಿ ತೊಳೆಯಬೇಕು. ಹೊತ್ತುಹೊತ್ತಿಗೆ ನೀರು ಬದಲಿಸುವವರು ಯಾರು? ಐರಿಸ್ ಮರುಳರ ಹಳೆಯ ಉಪಾಯವೊಂದಿದೆ: ಬೀಜಗಳನ್ನು ನೈಲಾನ್ ಕಾಲುಚೀಲದಲ್ಲಿ ಕಟ್ಟಿ ಟಾಯ್ಲೆಟ್ಟಿನ ಫ್ಲಶ್ ಟ್ಯಾಂಕಿನೊಳಗೆ ಇಳಿಬಿಡುವುದು. ಒಮ್ಮೆ ಫ್ಲಶ್ ಮಾಡಿದರೆ ಒಂದು ಅಭ್ಯಂಜನ.

ನವರಾತ್ರಿ ಬಂತು. ಗೊಂಬೆ ನೋಡಲು ಬಂದವರಿಗೆ ಅರಿಶಿನ ಕುಂಕುಮ ಕೊಡುತ್ತಿದ್ದರೂ ನನ್ನ ಕಿವಿಯೆಲ್ಲ ಬಚ್ಚಲಿನ ಕಡೆಗೇ. ಬೇಡವೆಂದರೂ ಎಲ್ಲರಿಗೂ ಎರಡೆರಡು ಲೋಟ ಪಾನಕ ಬಗ್ಗಿಸಿದೆ. ಯಾರಾದರೂ ಸಂಕೋಚದಿಂದ "ಬಾತ್‌ರೂಮ್ ಎಲ್ಲಿ?" ಎಂದರೆ ಆರತಿ ಎತ್ತುವುದೊಂದು ಬಾಕಿ, ಹಾಗೆ ಕರೆದೊಯ್ದೆ. ಒಳಗಿನಿಂದ ಭರ್ರೆಂದು ಸದ್ದು ಬಂದಾಗಲೆಲ್ಲ ನನಗೆ ರೋಮಾಂಚನ. ಯಾರೋ ಶ್ರೀರಂಜನಿ ಹಾಡುತ್ತಿದ್ದರು; ನಾನು ಶಭಾಷ್ ಎಂದದ್ದು ಅದಕ್ಕಲ್ಲ.

ಅಷ್ಟರಲ್ಲಿ ಕಾಲುಚೀಲದ ಬಾಲ ರಬ್ಬರ್ ಮುಚ್ಚಳದ ಸಂದಿಗೆ ಸಿಕ್ಕಿ, ನೀರು ನಿಲ್ಲದೆ ಸುರಿಯತೊಡಗಿತು. ನಮ್ಮವರು ರೇಷ್ಮೆ ಜುಬ್ಬದ ತೋಳು ಮಡಚಿ ಟ್ಯಾಂಕಿನ ಮುಚ್ಚಳ ಎತ್ತಿದರು. ಮೈಸೂರಿನಿಂದ ಬಂದಿದ್ದ ಅಮ್ಮ ಹಿಂದಿನಿಂದ ಇಣುಕಿದಳು. ಗಂಟು ಕಟ್ಟಿದ ಕಾಲುಚೀಲ, ಒಳಗೆ ಕಂದು ಬಣ್ಣದ ಸುಕ್ಕು ಕಾಳು.

"ಅಯ್ಯೋ! ಯಾರೋ ಮಾಟ ಮಾಡಿಸಿದಾರೆ ಕಣೇ!"

ಹೂವಿನ ಬೀಜವೆಂದ ಮೇಲೆ ಇನ್ನೂ ಕಷ್ಟವಾಯಿತು. "ಇದೂ ಅಡುಗೆಮನೆ ನೀರೂ ಒಂದೇ ಪೈಪಿಂದಮ್ಮ" ಎಂದೆ.

"ಗಂಗೆ ಎಲ್ಲಿ ನಿಂತಳು ಅನ್ನೋದೂ ಲೆಕ್ಕಕ್ಕೆ ಬರತ್ತೆ."

ಆಮೇಲೆ ಒದ್ದೆ ಕಾಗದ, ಜಿಪ್ ಚೀಲ, ಮೂರು ತಿಂಗಳು ಫ್ರಿಜ್. ದೋಸೆಹಿಟ್ಟಿನ ಅಂಕಣದಲ್ಲಿ ಇಡಕೂಡದೆಂದು ಅಮ್ಮನ ಆಜ್ಞೆ.

ಬೇಡವೆಂದುಕೊಂಡರೂ ತಲೆಯೊಳಗೆ ಲೆಕ್ಕ ನಡೆದೇ ಇತ್ತು. ಅಮ್ಮನಿಗೆ ಇಲ್ಲಿರಲು ಕೊಟ್ಟದ್ದು ಆರು ತಿಂಗಳು. ಬೀಜದಿಂದ ಹೂವಾಗಲು ಎರಡೋ ಮೂರೋ ವರ್ಷ. ಅವಳಿಗೀಗ ಎಪ್ಪತ್ತೊಂಬತ್ತು. ಮೊಳಕೆ ಒಡೆಯುವ ಮುಂಚೆಯೇ ಅವಳ ವಿಮಾನ ಹೊರಟಿತು.

ಏಪ್ರಿಲಿನಲ್ಲಿ ಕುಂಡದ ತುಂಬ ಹಸಿರೆದ್ದಿತು. ಐರಿಸ್ ಸಸಿ ಮೊದಮೊದಲು ಬರೀ ಹುಲ್ಲಿನ ಎಸಳು. ವಿಡಿಯೋ ಕಾಲ್ ಮಾಡಿ, ಫೋನನ್ನು ಕುಂಡದೊಳಕ್ಕೇ ತುರುಕಿ ತೋರಿಸಿದೆ. ಅಮ್ಮ ಕನ್ನಡಕ ಏರಿಸಿಕೊಂಡು ನೋಡಿದಳು.

"ಬಂತಲ್ಲೇ! ನೋಡೋಕೆ ಗರಿಕೆ ಥರಾನೇ ಇದೆ. ಸಂಕಷ್ಟಿ ದಿನ ಮರೆತು ಗಣಪತಿಗೆ ಏರಿಸಿಬಿಟ್ಟೀಯ, ಜೋಕೆ."