ಸ್ವಂತ ಊರು ಶೆಫೀಲ್ಡ್, ಹಾಲಿ ವಾಸ ಕೆಂಗೇರಿ

ಕೆಂಗೇರಿ ಬಸ್ ನಿಲ್ದಾಣದ ಆಚೆ, ಫುಟ್‌ಪಾತಿನಲ್ಲಿ ಹಾಸಿದ ನೀಲಿ ಟಾರ್ಪಾಲು. ಅದರ ಮೇಲೆ ಉತ್ತರ ತೋರಿಸದ ಹಿತ್ತಾಳೆ ದಿಕ್ಸೂಚಿ, ಈಸ್ಟ್ ಇಂಡಿಯಾ ಕಂಪನಿ ಎಂದೂ ಟಂಕಿಸದ ರಾಮ ದರ್ಬಾರಿನ ‘ಕಂಪನಿ ಕಾಸು’. ಇವುಗಳ ನಡುವೆ ಒಬ್ಬ ಮಹನೀಯರು ಅರ್ಧ ಮಡಿಚಿಕೊಂಡು ಮಲಗಿದ್ದರು. ಅಂಗಡಿಯಾತ ಟೀ ಕುಡಿಯಲು ಎದ್ದುಹೋದ ಸಮಯ ನೋಡಿ ಮಾತಿಗೆಳೆದೆ.

ನಾನು: ನಮಸ್ಕಾರ. ತಮ್ಮ ಹೆಸರು, ಮನೆತನ?

ಚಾಕು: ಜೋಸೆಫ್ ರಾಡ್ಜರ್ಸ್ ಅಂಡ್ ಸನ್ಸ್, ಶೆಫೀಲ್ಡ್. 1822ರಲ್ಲಿ ನಾಲ್ಕನೇ ಜಾರ್ಜ್ ದೊರೆಯಿಂದ ಸನ್ನದು ಪಡೆದವರು ನಾವು. ಆ ಇಸವಿಯ ಲೆಕ್ಕಕ್ಕೆ 1822 ಅಲಗುಗಳಿರುವ ಒಂದೇ ಚಾಕು ಮಾಡಿದ್ದು ನಮ್ಮ ಮನೆಯಲ್ಲೇ. ಅಲಗಿನ ಬುಡ ನೋಡಿ ಸ್ವಾಮಿ. ನಕ್ಷತ್ರ, ಪಕ್ಕದಲ್ಲಿ ಮಾಲ್ಟಾ ಶಿಲುಬೆ. ಇನ್ನೇನು ಬೇಕು?

ನಾನು: ರಾಡ್ಜರ್ಸ್ ಹೆಸರಿನಲ್ಲಿ ‘ಡಿ’ ಅಕ್ಷರವೇ ಇಲ್ಲವಲ್ಲ?

ಚಾಕು: ಸವೆದುಹೋಗಿದೆ.

ನಾನು: ನಡುವಿನ ಒಂದಕ್ಷರ ಸವೆದರೆ ಅಲ್ಲಿ ಖಾಲಿ ಜಾಗ ಇರಬೇಕಿತ್ತು.

ಚಾಕು: ಕೂಡು ಕುಟುಂಬ ಸ್ವಾಮಿ. ಒಬ್ಬ ಹೋದರೆ ಉಳಿದವರು ಹತ್ತಿರ ಸರಿದು ಕೂರುತ್ತಾರೆ.

(ಮಸೂರ ಹಿಡಿದೆ. ಹಿಂದಿನವರು ಉಕ್ಕನ್ನು ಹದಗೊಳಿಸಿ ಗಡಸು ಮಾಡುವ ಮುಂಚೆಯೇ ಅಚ್ಚು ಇಟ್ಟು ಸುತ್ತಿಗೆಯಲ್ಲಿ ಹೊಡೆಯುತ್ತಿದ್ದರು. ಅಕ್ಷರ ಒಳಗಿಳಿದು ಅಂಚು ಕೊಂಚ ಉಬ್ಬುತ್ತಿತ್ತು. ಈ ಮಹನೀಯರ ಅಕ್ಷರಗಳು ಚಪ್ಪಟೆ, ಒಂದೇ ಆಳ, ಲೇಸರಿನಲ್ಲಿ ಸುಟ್ಟ ಕಪ್ಪು.)

ನಾನು: ಹಿಡಿಯ ಹತ್ತಿರ ‘ವಿ. ಆರ್.’ ಅಂತ ಕಿರೀಟ ಸಮೇತ ಇದೆ.

ಚಾಕು: ವಿಕ್ಟೋರಿಯಾ ಮಹಾರಾಣಿಯವರು! ಅವರ ಹೆಸರು ಬಂದಾಗ ಸ್ವಲ್ಪ ಎದ್ದು ನಿಂತರೆ ಒಳ್ಳೆಯದು.

ನಾನು: ರಾಣಿ ತೀರಿಕೊಂಡದ್ದು 1901ರಲ್ಲಿ. ತಮ್ಮ ಅಲಗು ಸ್ಟೇನ್‌ಲೆಸ್ ಸ್ಟೀಲು. ಹ್ಯಾರಿ ಬ್ರೇರ್ಲಿ ಅದನ್ನು ತಮ್ಮ ಶೆಫೀಲ್ಡಿನಲ್ಲೇ ತಯಾರಿಸಿದ್ದು 1913ರಲ್ಲಿ.

ಚಾಕು: ಸ್ಟೇನ್‌ಲೆಸ್ಸಾದರೆ ಮೈಮೇಲೆ ಇಷ್ಟೊಂದು ತುಕ್ಕು ಎಲ್ಲಿಂದ ಬಂತು?

ನಾನು: ನಾನೂ ಅದನ್ನೇ ಕೇಳಬೇಕೆಂದಿದ್ದೆ. ಉಗುರಿನಲ್ಲಿ ಕೆರೆದರೆ ಇಟ್ಟಿಗೆ ಪುಡಿ, ಅಂಟು ಉದುರುತ್ತಿದೆ. ಹಳೆಯ ತುಕ್ಕು ಕಪ್ಪಗೆ ಲೋಹದಲ್ಲೇ ಕೂತಿರುತ್ತದೆ, ಹೀಗೆ ಕುಂಕುಮದ ಹಾಗೆ ಬೆರಳಿಗೆ ಹತ್ತುವುದಿಲ್ಲ.

ಚಾಕು: (ಸ್ವಲ್ಪ ಹೊತ್ತು ಸುಮ್ಮನಿದ್ದು) ನೀವು ಪುಸ್ತಕ ಓದಿ ಇದೆಲ್ಲ ಕಲಿತಿದ್ದೀರಿ. ನನ್ನನ್ನು ಮಾಡಿದವನೂ ಅದೇ ಪುಸ್ತಕ ಓದಿದ್ದಾನೆ, ತಿಳಿದಿರಲಿ.

ನಾನು: ಕೊನೆಯವರೆಗೆ ಓದಿಲ್ಲ. ಹಿಡಿ ನೋಡಿದರೆ ಮೂರು ತಲೆಮಾರು ಕೈಯಾಡಿಸಿದ ಹಾಗೆ ಸವೆದಿದೆ. ಅಲಗನ್ನು ಮಾತ್ರ ಒಂದು ದಿನವೂ ಸಾಣೆಗೆ ಕೊಟ್ಟಿಲ್ಲ. ನಿಜವಾಗಿ ಬಳಸಿದ ಚಾಕು ಮಸೆದು ಮಸೆದು ಸಪೂರವಾಗಿರುತ್ತದೆ. ಅದಿರಲಿ, ಈ ಕಡೆಗೆ ಬಂದದ್ದು ಹೇಗೆ?

ಚಾಕು: 1857ರಲ್ಲಿ ಕೆಂಗೇರಿ ರೈಲು ನಿಲ್ದಾಣದಲ್ಲಿ ಇಳಿದೆ. ಕೆಂಗೇರಿ ಹೋಬಳಿಯ ಶಾನುಭೋಗರಿಗೆ ಲೇಖನಿ ಹೆರೆದು ಕೊಡುವ ಕೆಲಸ.

ನಾನು: ಬೆಂಗಳೂರು–ಮೈಸೂರು ರೈಲು ದಾರಿ ಮುಗಿದದ್ದೇ 1880ರ ದಶಕದಲ್ಲಿ. 1857ರಲ್ಲಿ ಇಳಿಯಲು ನಿಲ್ದಾಣ ಎಲ್ಲಿತ್ತು?

ಚಾಕು: ಮೆಟ್ರೋ ಅಂದೆನೇ?

ನಾನು: ಅದು 2021.

ಚಾಕು: ಆಯ್ತು ಸಾರ್, ನಕಲಿ ಅಂತಲೇ ಇಟ್ಟುಕೊಳ್ಳಿ. ಆದರೆ ಹಳೇ ನಕಲಿ! ಜರ್ಮನಿಯ ಜೋಲಿಂಗನ್‌ನವರು ಶೆಫೀಲ್ಡ್ ಅಂತ ಹೆಸರು ಹೊಡೆದು ಮಾರುತ್ತಿರಲಿಲ್ಲವೇ? ಆ ಕಾಟ ತಾಳಲಾರದೆ ತಾನೇ ಬ್ರಿಟನ್ 1887ರಲ್ಲಿ ಸರಕಿನ ಗುರುತಿಗೆ ಕಾಯ್ದೆ ತಂದದ್ದು? ನಾನು ಆ ಸಂತತಿ. ನಮ್ಮ ದೇಶದ 1972ರ ಪುರಾವಸ್ತು ಕಾಯ್ದೆ ವಸ್ತುವಿಗೆ ನೂರು ವರ್ಷ ಆಗಿರಬೇಕು ಅನ್ನುತ್ತದೆ. ಪ್ರಾಮಾಣಿಕವಾಗಿರಬೇಕು ಅಂತ ಎಲ್ಲೂ ಹೇಳಿಲ್ಲ.

(ಯಾವುದೋ ವಕೀಲರ ಜೇಬಿನಲ್ಲಿದ್ದು ಬಂದಿರಬೇಕು. ಹಳೆಯ ನಕಲಿಗಳನ್ನೇ ಹುಡುಕಿ ಕೂಡಿಡುವ ಸಂಗ್ರಾಹಕರೂ ಇದ್ದಾರೆ. ಅವರ ಮುಂದೆ ಈ ವಾದ ಗೆದ್ದೀತು.)

ನಾನು: ಆ ಕಾಲದ ಜೋಲಿಂಗನ್‌ನವರ ಹತ್ತಿರವೂ ಸ್ಟೇನ್‌ಲೆಸ್ ಇರಲಿಲ್ಲ.

ಚಾಕು: ಹಾಗಾದರೆ ಪರದೇಶದ ಮಾತೇ ಬೇಡ. ನಾನು ಮಾಗಡಿಯವನು! ಬುಕಾನನ್ ಸಾಹೇಬ 1800ರಲ್ಲಿ ಬಂದು ಮಾಗಡಿ ಸೀಮೆಯಲ್ಲಿ ಉಕ್ಕು ಮಾಡುವುದನ್ನು ಬರೆದುಕೊಂಡು ಹೋಗಲಿಲ್ಲವೇ? ಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡು, ತಂಗಡಿ ಕಡ್ಡಿ, ಎರಡು ಹಸಿ ಎಲೆ. ಚನ್ನಪಟ್ಟಣದವರು ಉಕ್ಕಿನಲ್ಲಿ ವೀಣೆಗೆ ತಂತಿ ಎಳೆಯುತ್ತಿದ್ದ ಕಾಲ. ನೋಡಿ, ಮೈಮೇಲೆ ನೀರಿನ ಅಲೆ ಹೇಗಿದೆ!

ನಾನು: ಅಲೆ ಬಲಮಗ್ಗುಲಲ್ಲಿ ಮಾತ್ರ ಇದೆ.

ಚಾಕು: ಎಡಗಡೆ ಬರಗಾಲ.

ನಾನು: ಮೂಸೆ ಉಕ್ಕಿನ ಅಲೆ ಒಳಗಿನಿಂದ ಬಂದದ್ದು. ಉಜ್ಜಿದರೆ ಮಾಸಿ, ಆಮ್ಲ ಸವರಿದರೆ ಮತ್ತೆ ಮೂಡುತ್ತದೆ. ತಮ್ಮದು ಉಜ್ಜಿದರೆ ಹೋಗಿಯೇ ಬಿಡುತ್ತದೆ.

ಚಾಕು: ಟಿಪ್ಪು ಸುಲ್ತಾನರ ಜೇಬಿನಲ್ಲಿ...

ನಾನು: ಅದೊಂದು ಬಾಕಿ ಇತ್ತು.

ಚಾಕು: ಏನು ಮಾಡೋಣ ಸಾರ್! 2023ರ ಮೇ ತಿಂಗಳಲ್ಲಿ ಲಂಡನ್ನಿನ ಹರಾಜಿನಲ್ಲಿ ಅವರ ಮಲಗುವ ಕೋಣೆಯ ಖಡ್ಗ 1.4 ಕೋಟಿ ಪೌಂಡಿಗೆ ಹೋಯಿತು. ಅವತ್ತಿನಿಂದ ನಮ್ಮ ಕುಲದವರೆಲ್ಲ ಶ್ರೀರಂಗಪಟ್ಟಣದವರೇ. ನನ್ನ ಹಿಡಿ ನೋಡಿ, ಅಪ್ಪಟ ಆನೆದಂತ. ಬಡವರ ಮನೆಯಲ್ಲಿ ಇರುತ್ತದೆಯೇ?

ನಾನು: ದಂತವೇ? ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ದಂತದ ಮಾರಾಟಕ್ಕೆ ಜೈಲು. ಅರಣ್ಯ ಇಲಾಖೆಗೆ ಒಂದು ಫೋನು...

ಚಾಕು: ಪ್ಲಾಸ್ಟಿಕ್ಕು ಸಾರ್! ದೇವರಾಣೆಗೂ ಪ್ಲಾಸ್ಟಿಕ್ಕು! ಸೂಜಿ ಕಾಯಿಸಿ ಚುಚ್ಚಿ ನೋಡಿ, ಬಕೆಟ್ಟು ಸುಟ್ಟ ವಾಸನೆ ಬರದಿದ್ದರೆ ಕೇಳಿ. ಮೂಳೆಗಿರುವ ಸಣ್ಣ ಸಣ್ಣ ರಂಧ್ರ ಕೂಡ ನನ್ನ ಮೈಮೇಲೆ ಒಂದೂ ಇಲ್ಲ.

(ಇಡೀ ಸಂದರ್ಶನದಲ್ಲಿ ಪ್ರಮಾಣ ಮಾಡಿ ಹೇಳಿದ ಸತ್ಯ ಇದೊಂದೇ.)

ನಾನು: ಕೊನೆಯ ಪ್ರಶ್ನೆ. ಹಿಡಿಯ ನಡುವೆ ಈ ಬಿಳಿ ತಗಡಿನ ತುಣುಕು ಖಾಲಿ ಇದೆಯಲ್ಲ?

ಚಾಕು: ಒಡೆಯರ ಇನಿಷಿಯಲ್ ಕೆತ್ತಿಸುವ ಜಾಗ ಸಾರ್. ಅಂದ ಹಾಗೆ, ನಿಮ್ಮ ತಾತ ಎಲೆಅಡಿಕೆ ಹಾಕುತ್ತಿದ್ದರಾ?

ನಾನು: ಹಾಕುತ್ತಿದ್ದರು. ಯಾಕೆ?

ಚಾಕು: ಸಂಚಿಯಲ್ಲಿ ಸುಣ್ಣದ ಡಬ್ಬಿ, ಜೊತೆಗೊಂದು ಚಿಕ್ಕ ಚಾಕು?

ನಾನು: ಇತ್ತು. ಮನೆ ಭಾಗ ಆದಾಗ ಯಾರ ಪಾಲಿಗೆ ಹೋಯಿತೋ.

ಚಾಕು: ಹಿಡಿ ಬಿಳೀದಿತ್ತಾ?

ನಾನು: ಬಿಳಿ... ಇದ್ದಿರಬಹುದು.

ಚಾಕು: ಕೆತ್ತುವ ಹುಡುಗ ಆರು ಗಂಟೆಗೆ ಬಾಗಿಲು ಹಾಕುತ್ತಾನೆ ಸಾರ್. ತಾತನ ಇನಿಷಿಯಲ್ ಬೇಗ ಹೇಳಿ.